ಮುದ್ರೆಯ ಸಾಕ್ಷ್ಯ: ಜರ್ಮನ್ ಸೇನಾ ಪಿಸ್ತೂಲುಗಳ ಸಂಗ್ರಹ ಮತ್ತು ವಿಕ್ರಯ

೧

ಇತಿಹಾಸಕಾರನಿಗೆ ಒದಗುವ ಆಧಾರಗಳಲ್ಲಿ ಶಾಸನ, ನಾಣ್ಯ, ಕಡತಗಳಿಗೆ ಸಂದಿರುವ ಮನ್ನಣೆ ಯಂತ್ರಯುಗದ ವಸ್ತುಗಳಿಗೆ ಇನ್ನೂ ಪೂರ್ಣವಾಗಿ ಸಂದಿಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆಯಾಗಿ ತಯಾರಾಗುವ ವಸ್ತುಗಳು ಒಂದರಂತೆ ಇನ್ನೊಂದು ಇರುವುದರಿಂದ ಅವುಗಳಲ್ಲಿ ಓದಿ ತಿಳಿಯತಕ್ಕದ್ದೇನೂ ಇರಲಾರದೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಈ ಭಾವನೆ ಸರಿಯಲ್ಲವೆಂಬುದಕ್ಕೆ ಜರ್ಮನಿಯ ಸೇನಾ ಪಿಸ್ತೂಲುಗಳು ಒಳ್ಳೆಯ ನಿದರ್ಶನ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ದೇಶದ ಸೈನ್ಯ ಬಳಸಿದ ಪಿಸ್ತೂಲುಗಳ ಮೈಮೇಲೆ ತಯಾರಕನ ಗುರುತು, ವರ್ಷ, ಕ್ರಮಸಂಖ್ಯೆ, ಪರೀಕ್ಷಕನ ಮುದ್ರೆ, ಕೆಲವೆಡೆ ಪಡೆಯ ಹೆಸರು ಇವು ಒಂದರ ಪಕ್ಕದಲ್ಲೊಂದು ಒತ್ತಲ್ಪಟ್ಟಿವೆ. ಅಂಗೈಯಗಲದ ಉಕ್ಕಿನ ಮೇಲೆ ಒಂದು ಸಾಮ್ರಾಜ್ಯ, ಅನಂತರ ಒಂದು ಗಣರಾಜ್ಯ, ಅದರ ತರುವಾಯ ಒಂದು ಸರ್ವಾಧಿಕಾರ ತಮ್ಮ ತಮ್ಮ ಆಡಳಿತದ ಹೆಜ್ಜೆಗಳನ್ನು ಮೂಡಿಸಿ ಹೋಗಿವೆ.

ಆದರೆ ಈ ದಾಖಲೆಗಳು ದಫ್ತರಖಾನೆಗಳ ಮೂಲಕ ನಮ್ಮವರೆಗೆ ಬಂದವಲ್ಲ; ಬಹುಮಟ್ಟಿಗೆ ಕೊಳ್ಳುವವರ ಮತ್ತು ಮಾರುವವರ ಕೈಗಳ ಮೂಲಕ ಬಂದವು. ಸಂಗ್ರಾಹಕರ ಆಸಕ್ತಿಯಿಲ್ಲದೆ ಹೋಗಿದ್ದರೆ ಅವುಗಳಲ್ಲಿ ಎಷ್ಟೋ ಕುಲುಮೆಯನ್ನು ಸೇರುತ್ತಿದ್ದವು. ಅದೇ ಆಸಕ್ತಿ ಹುಟ್ಟಿಸಿದ ಬೆಲೆಯಾದರೋ ಅವುಗಳ ಸಾಕ್ಷ್ಯವನ್ನು ಕೆಡಿಸುತ್ತಲೂ ಬಂದಿದೆ. ಹೀಗೆ ಒಂದೇ ಕೈ ಆಧಾರವನ್ನು ಉಳಿಸಿಯೂ ಅಳಿಸಿಯೂ ಇರುವಲ್ಲಿ ಇತಿಹಾಸದ ವಿದ್ಯಾರ್ಥಿ ಯಾವ ಮಾರ್ಗವನ್ನು ಹಿಡಿಯಬೇಕೆಂಬುದು ಪ್ರಸ್ತುತ ಲೇಖನದ ವಿಚಾರ.

೨

ಸಂಗ್ರಾಹಕರಲ್ಲಿ ಅತ್ಯಂತ ಪ್ರಸಿದ್ಧವಾದ ಜರ್ಮನ್ ಪಿಸ್ತೂಲು ‘ಲೂಗರ್’. ಇದರ ಮೂಲವು ಹ್ಯೂಗೋ ಬೋರ್ಖಾರ್ಟ್ ಎಂಬಾತನು ರಚಿಸಿದ ೧೮೯೩ ರ ಮಾದರಿಯಲ್ಲಿದೆ. ಗುಂಡು ಹಾರಿದಾಗ ಮಂಡಿಯಂತೆ ಮೇಲಕ್ಕೆ ಮಡಿಯುವ ಕೀಲು ಇದರ ವೈಶಿಷ್ಟ್ಯ. ಟಿರೋಲ್ ಪ್ರಾಂತದಲ್ಲಿ ೧೮೪೯ ರಲ್ಲಿ ಜನಿಸಿದ ಗೆಯೋರ್ಗ್ ಲೂಗರ್ ಈ ಭಾರವಾದ ರಚನೆಯನ್ನು ತಿದ್ದಿ ಕೈಗೆ ಹಗುರವಾಗುವಂತೆ ಮಾಡಿದನು. ಬರ್ಲಿನ್ನಿನ ಡಿ.ಡಬ್ಲ್ಯೂ.ಎಂ. ಎಂಬ ಶಸ್ತ್ರ ಮತ್ತು ಮದ್ದುಗುಂಡುಗಳ ಸಂಸ್ಥೆ ಅದನ್ನು ತಯಾರಿಸಿತು. ಸ್ವಿಟ್ಜರ್ಲೆಂಡಿನ ಸೈನ್ಯ ೧೯೦೦ ರಲ್ಲಿಯೂ, ಜರ್ಮನಿಯ ನೌಕಾಪಡೆ ೧೯೦೪ ರಲ್ಲಿಯೂ, ಭೂಸೈನ್ಯ ೧೯೦೮ ರಲ್ಲಿಯೂ ಇದನ್ನು ಅಂಗೀಕರಿಸಿದವು. ‘ಪಿ. ೦೮’ ಎಂಬ ಸೇನಾನಾಮ ಈ ಕೊನೆಯ ವರ್ಷದಿಂದ ಬಂದಿತು. ಯುದ್ಧಕ್ಕೆ ಸಿದ್ಧನಾಗೆಂಬ ಅರ್ಥದ ಲ್ಯಾಟಿನ್ ನುಡಿಯಿಂದ ಬಂದ ‘ಪ್ಯಾರಾಬೆಲ್ಲಮ್’ ಎಂಬುದು ಇದರ ವ್ಯಾಪಾರನಾಮ.

ಭೂಸೈನ್ಯದ ಪಿಸ್ತೂಲಿನ ನಳಿಗೆ ೧೦೦ ಮಿಲಿಮೀಟರ್, ನೌಕಾಪಡೆಯದು ೧೫೦, ಫಿರಂಗಿದಳದವರಿಗಾಗಿ ೧೯೧೩ ರಲ್ಲಿ ಅಂಗೀಕೃತವಾದುದು ೨೦೦. ಬರ್ಲಿನ್ನಿನ ಸಂಸ್ಥೆಯೊಡನೆ ಎರ್ಫುರ್ಟಿನ ರಾಜಕೀಯ ಆಯುಧಶಾಲೆಯೂ ೧೯೧೧ ರಿಂದ ಇವನ್ನು ತಯಾರಿಸತೊಡಗಿತು. ಅಲ್ಲಿಯ ಪಿಸ್ತೂಲುಗಳಿಗೆ ಕಿರೀಟದ ಕೆಳಗೆ ಊರಿನ ಹೆಸರಿರುವ ಮುದ್ರೆಯಿದೆ. ತಯಾರಾದ ವರ್ಷವನ್ನು ತೋಟಾ ಕೂರುವ ಕೋಶದ ಮೇಲ್ಗಡೆ ಒತ್ತುತ್ತಿದ್ದರು. ಕ್ರಮಸಂಖ್ಯೆ ಒಂದರಿಂದ ಹತ್ತು ಸಾವಿರದವರೆಗೆ ನಡೆದು, ಅನಂತರ ಅಕ್ಷರವೊಂದನ್ನು ಜೋಡಿಸಿಕೊಂಡು ಮತ್ತೆ ಒಂದರಿಂದ ಪ್ರಾರಂಭವಾಗುತ್ತಿತ್ತು. ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಸಣ್ಣ ಸಣ್ಣ ಭಾಗಗಳ ಮೇಲೂ ಕಾಣಿಸುತ್ತಿದ್ದರು. ಇದರ ಉದ್ದೇಶ ಸರಳವಾದುದು: ಭಾಗಗಳನ್ನು ಕೈಯಿಂದ ಹೊಂದಿಸಿ ಕೂಡಿಸುತ್ತಿದ್ದುದರಿಂದ, ಹಲವು ಪಿಸ್ತೂಲುಗಳನ್ನು ಒಟ್ಟಿಗೆ ಬಿಚ್ಚಿ ಶುಚಿಮಾಡುವಾಗ ಒಂದರ ಭಾಗ ಇನ್ನೊಂದಕ್ಕೆ ಸೇರಬಾರದು. ಸಿಪಾಯಿಯ ಅನುಕೂಲಕ್ಕಾಗಿ ಹುಟ್ಟಿದ ಈ ಕಟ್ಟಳೆಯೇ ಮುಂದೆ ಮಾರುಕಟ್ಟೆಯಲ್ಲಿ ಬೆಲೆಯನ್ನು ನಿರ್ಣಯಿಸುವ ಸೂತ್ರವಾಯಿತು.

ಇವುಗಳಲ್ಲೆಲ್ಲ ಹೆಚ್ಚು ಮಾತನಾಡುವುದು ಹಿಡಿಯ ಮುಂಭಾಗದಲ್ಲಿ ಒತ್ತಿದ ಪಡೆಯ ಗುರುತು. ಇದಕ್ಕೆ ಸೈನ್ಯ ಲಿಖಿತ ನಿಯಮಗಳನ್ನೇ ಮಾಡಿತ್ತು. ಅವುಗಳಲ್ಲಿ ೧೯೦೯ ರ ನಿಯಮಾವಳಿ ಮುಖ್ಯವಾದುದು. ಕಾಲಾಳು ರೆಜಿಮೆಂಟಿನ ಸಂಖ್ಯೆ, ಅದರ ಕಂಪನಿ, ಕಂಪನಿಯಲ್ಲಿ ಆ ಆಯುಧದ ಸಂಖ್ಯೆ ಇಷ್ಟೂ ಒಂದು ಸಾಲಿನಲ್ಲಿ ಅಡಕವಾಗುತ್ತಿದ್ದವು. ಯುದ್ಧ ನಡೆಯುತ್ತಿರಲಾಗಿ ಇಂಥ ಗುರುತು ಶತ್ರುವಿಗೆ ಪಡೆಗಳ ನೆಲೆಯನ್ನು ತಿಳಿಸಿಕೊಡಬಹುದಾಗಿದ್ದಿತು. ೧೯೧೬ ರ ಕೊನೆಯಲ್ಲಿ ಈ ಪದ್ಧತಿಯನ್ನು ನಿಲ್ಲಿಸಲಾಯಿತು. ಆದಕಾರಣ ಗುರುತಿನ ಇರವು ಮಾತ್ರವಲ್ಲ, ಇಲ್ಲದಿರುವಿಕೆಯೂ ಒಂದು ಸಾಕ್ಷ್ಯವೇ.

೩

ಮೊದಲನೆಯ ಮಹಾಯುದ್ಧದ ತರುವಾಯ ೧೯೧೯ ರ ವರ್ಸೇಲ್ಸ್ ಕೌಲು ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಿತು. ಆಯುಧಗಳ ತಯಾರಿಕೆಯನ್ನು ಮಿತ್ರರಾಷ್ಟ್ರಗಳು ಒಪ್ಪಿದ ಕಾರ್ಖಾನೆಗಳಿಗೆ ಸೀಮಿತಗೊಳಿಸಿ, ಯುದ್ಧಸಾಮಗ್ರಿಯ ಆಮದು ರಫ್ತುಗಳನ್ನು ನಿಷೇಧಿಸಿತು. ೧೯೨೦ ರ ಆಗಸ್ಟಿನಲ್ಲಿ ಜನತೆಯ ನಿಶ್ಶಸ್ತ್ರೀಕರಣದ ಕಾನೂನು ಬಂದಿತು. ಸರ್ಕಾರದ ಸ್ವತ್ತಾದ ಆಯುಧ ಯಾವುದು, ಕಾನೂನಿಗೆ ವಿರುದ್ಧವಾಗಿ ಉಳಿದುಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಸೈನ್ಯ ತನ್ನ ಆಯುಧಗಳಿಗೆ ‘೧೯೨೦’ ಎಂಬ ಅಂಕಿಯನ್ನು ಒತ್ತಿತು. ‘೧೯೧೭’ ರ ಮೇಲೆ ‘೧೯೨೦’ ಎಂದಿರುವ ಪಿಸ್ತೂಲುಗಳನ್ನು ಸಂಗ್ರಾಹಕರು ‘ಎರಡು ತೇದಿಯವು’ ಎಂದು ಕರೆಯುತ್ತಾರೆ. ಸೋತ ಸಾಮ್ರಾಜ್ಯದ ಆಯುಧವನ್ನು ಹೊಸ ಗಣರಾಜ್ಯ ತನ್ನದಾಗಿ ಮಾಡಿಕೊಂಡ ಗಳಿಗೆ ಆ ಎರಡು ಅಂಕಿಗಳ ನಡುವೆ ಇದೆ.

ಹೆಚ್ಚುವರಿ ಆಯುಧಗಳ ವ್ಯಾಪಾರ ಆರಂಭವಾದದ್ದೂ ಇದೇ ಕಾಲದಲ್ಲಿ. ನಾಗರಿಕರಿಗೆ ಮಾರುವ ಪಿಸ್ತೂಲಿನ ಗುಂಡಿನ ವ್ಯಾಸ ೮ ಮಿಲಿಮೀಟರಿಗೂ ನಳಿಗೆ ೧೦೦ ಮಿಲಿಮೀಟರಿಗೂ ಕಡಮೆಯಿರಬೇಕೆಂಬ ನಿರ್ಬಂಧವಿದ್ದುದರಿಂದ, ಸೇನೆಯ ೯ ಮಿಲಿಮೀಟರ್ ಪಿಸ್ತೂಲುಗಳಿಗೆ ೭.೬೫ ಮಿಲಿಮೀಟರಿನ ಗಿಡ್ಡ ನಳಿಗೆಗಳನ್ನು ಹಾಕಿ ಮಾರಿದರು. ಅಮೆರಿಕಕ್ಕೆ ಹೋದವುಗಳ ಮೇಲೆ ಅಲ್ಲಿಯ ಸುಂಕದ ಕಾನೂನಿಗನುಸಾರವಾಗಿ ‘ಜರ್ಮನಿ’ ಎಂದು ಮುದ್ರೆ ಬಿದ್ದಿತು. ನ್ಯೂಯಾರ್ಕಿನ ಸ್ಟೋಗರ್ ಸಂಸ್ಥೆ ‘ಲೂಗರ್’ ಎಂಬ ಹೆಸರನ್ನು ೧೯೨೯ ರಲ್ಲಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿತು. ಡಚ್ಚರಿಗೆ ಬೇಕಾದ ಪಿಸ್ತೂಲುಗಳ ಭಾಗಗಳು ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ವಿಕರ್ಸ್ ಸಂಸ್ಥೆಯ ಹೆಸರನ್ನು ಹೊತ್ತು ಹೊರಟವು. ಮುದ್ರೆ ನಿಜವನ್ನು ತಿಳಿಸುವ ಸಾಧನವಾಗಿರುವಂತೆಯೇ ನಿಜವನ್ನು ಮರೆಸುವ ಸಾಧನವೂ ಆಗಬಲ್ಲದೆಂಬುದು ಇಲ್ಲಿ ಮೊದಲು ಸ್ಪಷ್ಟವಾಗುತ್ತದೆ.

ತಯಾರಿಕೆಯ ಕೆಲಸ ೧೯೩೦ ರಲ್ಲಿ ಓಬೆರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಗೆ ವರ್ಗವಾಯಿತು. ನಾಜಿ ಸರ್ಕಾರದ ಗುಪ್ತ ಶಸ್ತ್ರೀಕರಣ ಪ್ರಾರಂಭವಾದಾಗ ಮೌಸರಿನ ಹೆಸರು ಮರೆಯಾಗಿ ‘ಎಸ್/೪೨’ ಎಂಬ ಸಂಕೇತ ಬಂದಿತು. ವರ್ಷವೂ ಅಡಗಿತು: ೧೯೩೪ ಕ್ಕೆ ‘ಕೆ’, ೧೯೩೫ ಕ್ಕೆ ‘ಜಿ’. ೧೯೩೫ ರ ಮಾರ್ಚಿಯಲ್ಲಿ ಕಡ್ಡಾಯ ಸೈನಿಕಸೇವೆಯನ್ನು ಬಹಿರಂಗವಾಗಿಯೇ ಸಾರಿದ ಮೇಲೆ ಈ ಮರೆಮಾಚುವಿಕೆಗೆ ಅರ್ಥ ಉಳಿಯಲಿಲ್ಲ. ೧೯೩೬ ರಿಂದ ವರ್ಷ ಮತ್ತೆ ಪೂರ್ಣವಾಗಿ ಕಾಣಿಸಿಕೊಂಡಿತು. ಕೌಲಿನ ಭಯ ಯಾವಾಗ ಇತ್ತು, ಯಾವಾಗ ಹೋಯಿತು ಎಂಬುದನ್ನು ರಾಜತಂತ್ರದ ಪತ್ರಗಳಷ್ಟೇ ಖಚಿತವಾಗಿ ಈ ಮೂರು ವರ್ಷಗಳ ಪಿಸ್ತೂಲುಗಳು ಹೇಳುತ್ತವೆ. ಮುಂದೆ ವಾಲ್ಟರ್ ಸಂಸ್ಥೆಯ ‘ಪಿ. ೩೮’ ಅಂಗೀಕೃತವಾಗಿ, ಸೈನ್ಯಕ್ಕಾಗಿ ಲೂಗರ್ ತಯಾರಿಸುವುದು ೧೯೪೨ ರಲ್ಲಿ ನಿಂತಿತು.

೪

ಎರಡನೆಯ ಮಹಾಯುದ್ಧ ೧೯೪೫ ರಲ್ಲಿ ಮುಗಿದಾಗ ಈ ಆಯುಧಗಳು ನಾಲ್ಕು ದಿಕ್ಕಿಗೆ ಚದುರಿದವು. ಅಮೆರಿಕದ ಸೈನಿಕರು ಮೇಲಧಿಕಾರಿಯ ಸಹಿಯುಳ್ಳ ಪ್ರಮಾಣಪತ್ರವನ್ನು ಪಡೆದು ವಿಜಯಚಿಹ್ನೆಯಾಗಿ ಅವನ್ನು ಮನೆಗೆ ಒಯ್ಯಬಹುದಾಗಿತ್ತು. ಫ್ರೆಂಚರು ತಮ್ಮ ವಶಕ್ಕೆ ಬಂದ ಮೌಸರ್ ಕಾರ್ಖಾನೆಯಲ್ಲಿ ‘ಪಿ. ೩೮’ ಪಿಸ್ತೂಲುಗಳ ತಯಾರಿಕೆಯನ್ನು ಸ್ವಲ್ಪ ಕಾಲ ಮುಂದುವರಿಸಿದರು. ಪೂರ್ವ ಜರ್ಮನಿಯ ಪೋಲೀಸರು ಹಳೆಯ ಲೂಗರುಗಳನ್ನು ದುರಸ್ತಿಮಾಡಿಕೊಂಡು ಬಳಸಿದರು. ಸೋವಿಯತ್ ಸೈನ್ಯ ತಾನು ವಶಪಡಿಸಿಕೊಂಡವುಗಳನ್ನು ಆಯುಧಶಾಲೆಗಳಲ್ಲಿ ಬಿಚ್ಚಿ, ದೊರೆತ ಭಾಗಗಳನ್ನು ಕೂಡಿಸಿ, ಹೊಸದಾಗಿ ನೀಲಿ ಮೈಬಣ್ಣ ಕೊಟ್ಟು, ಸಂಖ್ಯೆಗಳನ್ನು ವಿದ್ಯುತ್ ಲೇಖನಿಯಿಂದ ಗೀಚಿ ಉಗ್ರಾಣಗಳಲ್ಲಿ ಇಟ್ಟಿತು. ಸೋವಿಯತ್ ಒಕ್ಕೂಟ ೧೯೯೧ ರಲ್ಲಿ ಒಡೆದ ತರುವಾಯ ಇವು ಪಾಶ್ಚಾತ್ಯ ಮಾರುಕಟ್ಟೆಗೆ ಬಂದವು.

ಮನೆಗಳ ಪೆಟ್ಟಿಗೆಗಳಲ್ಲಿದ್ದ ಸ್ಮರಣಿಕೆ ಶಾಸ್ತ್ರವಾಗಿ ಬೆಳೆದದ್ದು ಯುದ್ಧೋತ್ತರ ದಶಕಗಳಲ್ಲಿ. ಫ್ರೆಡ್ ಡಾಟಿಗ್ ೧೯೫೫ ರಲ್ಲಿ ಪ್ರಕಟಿಸಿದ ಗ್ರಂಥ, ಹ್ಯಾರಿ ಜೋನ್ಸನ ೧೯೫೯ ರ ಪ್ರಭೇದಗಳ ಗ್ರಂಥ, ಚಾರ್ಲ್ಸ್ ಕೆನ್ಯನ್ನನ ೧೯೬೯ ರ ಗ್ರಂಥ ಇವು ಲೂಗರುಗಳನ್ನು ಸಸ್ಯಶಾಸ್ತ್ರಜ್ಞನು ಗಿಡಗಳನ್ನು ವಿಂಗಡಿಸುವಂತೆ ವಿಂಗಡಿಸಿದವು. ಈ ವರ್ಗೀಕರಣ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಹೊರಗೆ, ವಸ್ತುಗಳನ್ನು ಸ್ವತಃ ಕೈಯಲ್ಲಿ ಹಿಡಿದು ನೋಡಿದವರ ಶ್ರಮದಿಂದ ಆಯಿತೆಂಬುದನ್ನು ವಿದ್ವಾಂಸರು ಕೃತಜ್ಞತೆಯಿಂದ ಒಪ್ಪಬೇಕು.

ಇದರೊಡನೆ ಬೆಲೆಯ ಕಟ್ಟಳೆಗಳೂ ನಿಶ್ಚಿತವಾದವು. ಎಲ್ಲ ಭಾಗಗಳ ಸಂಖ್ಯೆಗಳು ಒಂದೇ ಆಗಿರಬೇಕು; ಮೈಬಣ್ಣ ಕಾರ್ಖಾನೆಯಲ್ಲಿ ಕೊಟ್ಟದ್ದೇ ಆಗಿರಬೇಕು; ಪ್ರಭೇದ ವಿರಳವಾಗಿರಬೇಕು; ಮೂಲ ಮ್ಯಾಗಜೀನು, ಚರ್ಮದ ಚೀಲ, ಸೈನಿಕನ ಪ್ರಮಾಣಪತ್ರ ಜೊತೆಗಿರಬೇಕು. ವಿರಳತೆಯ ಬೆಲೆ ಎಷ್ಟು ಏರಬಲ್ಲದೆಂಬುದಕ್ಕೆ ಸೈನ್ಯ ಬಳಸದ ಒಂದು ಪಿಸ್ತೂಲು ಉದಾಹರಣೆ. ಅಮೆರಿಕದ ಸೈನ್ಯ ೧೯೦೭ ರಲ್ಲಿ ನಡೆಸಿದ ಪರೀಕ್ಷೆಗಾಗಿ ಲೂಗರನು ೦.೪೫ ಅಂಗುಲ ವ್ಯಾಸದ ಕೆಲವೇ ಪಿಸ್ತೂಲುಗಳನ್ನು ಸಿದ್ಧಪಡಿಸಿದನು. ಅವುಗಳಲ್ಲೊಂದು ೧೯೮೯ ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಾಟವಾಗಿ ಹೆಸರಾಯಿತು. ೨೦೧೦ ರ ಹರಾಜಿನಲ್ಲಿ ಅದಕ್ಕೆ ಬಂದದ್ದು ಸುಮಾರು ಅದರ ಅರ್ಧ. ವಸ್ತು ಬದಲಾಗಲಿಲ್ಲ, ಅದರ ಇತಿಹಾಸವೂ ಬದಲಾಗಲಿಲ್ಲ. ಬೆಲೆ ಕೊಳ್ಳುವವರ ಮನಸ್ಸಿನ ಅಳತೆಯಲ್ಲದೆ ವಸ್ತುವಿನ ಮಹತ್ತ್ವದ ಅಳತೆಯಲ್ಲ.

೫

ಬೆಲೆ ಎಲ್ಲಿದೆಯೋ ಅಲ್ಲಿ ಕೃತಕವೂ ಹುಟ್ಟುತ್ತದೆ. ಬೇರೆ ಬೇರೆ ಸಂಖ್ಯೆಯ ಭಾಗಗಳುಳ್ಳ ಪಿಸ್ತೂಲಿನ ಅಂಕಿಗಳನ್ನು ಅರೆದು ತೆಗೆದು ಒಂದೇ ಸಂಖ್ಯೆಯನ್ನು ಒತ್ತುವುದು, ಸವೆದ ಮೈಗೆ ಹೊಸ ನೀಲಿ ಕೊಡುವುದು, ಸಾಧಾರಣ ಪಿಸ್ತೂಲಿನ ಮೇಲೆ ವಿರಳ ಪಡೆಯ ಗುರುತನ್ನು ಮೂಡಿಸುವುದು ಇವು ಸಾಮಾನ್ಯವಾದ ಉಪಾಯಗಳು. ಸೂಲ್ ಪಟ್ಟಣದ ಕ್ರೀಗ್‌ಹಾಫ್ ಸಂಸ್ಥೆ ವಾಯುಪಡೆಗಾಗಿ ಒಪ್ಪಿಕೊಂಡದ್ದು ಹತ್ತು ಸಾವಿರ ಲೂಗರುಗಳನ್ನು ಮಾತ್ರ. ಅವುಗಳ ಕೆಲಸ ನಯವಾದುದು, ಬೆಲೆಯೂ ಹೆಚ್ಚು. ಆದಕಾರಣ ಆ ಹೆಸರಿನ ಕೃತಕಗಳೂ ಹೆಚ್ಚು. ಮುದ್ರೆಗಳನ್ನು ಚಿತ್ರಸಹಿತವಾಗಿ ವಿವರಿಸುವ ಗ್ರಂಥ ಪರೀಕ್ಷಕನಿಗೆ ಕೈಪಿಡಿಯಾದಂತೆ ವಂಚಕನಿಗೂ ಮಾದರಿಯಾಗುತ್ತದೆ. ಪ್ರಮಾಣಪತ್ರಗಳು ಕೂಡ ಸರಕಾಗಿ, ಪಿಸ್ತೂಲಿನಿಂದ ಬೇರ್ಪಟ್ಟು ಪ್ರತ್ಯೇಕವಾಗಿ ಮಾರಾಟವಾಗುತ್ತವೆ.

ಪರೀಕ್ಷೆಯ ಮಾರ್ಗಗಳಿಲ್ಲದೆ ಇಲ್ಲ. ೧೯೩೭ ರ ವರೆಗೆ ಮೌಸರ್ ಕಾರ್ಖಾನೆಯಲ್ಲಿ ಉಕ್ಕಿಗೆ ನಿಧಾನವಾಗಿ ತುಕ್ಕು ಬರಿಸಿ ಉಜ್ಜಿ ನೀಲಿಯನ್ನು ಪಡೆಯುತ್ತಿದ್ದರು. ಕೆಲವು ಸಣ್ಣ ಭಾಗಗಳನ್ನು ಕಾಯಿಸಿ ಒಣಹುಲ್ಲಿನ ಹೊಂಬಣ್ಣಕ್ಕೆ ತರುತ್ತಿದ್ದರು. ಅನಂತರ ಕಾದ ಉಪ್ಪಿನ ದ್ರಾವಣದಲ್ಲಿ ಅದ್ದುವ ವಿಧಾನ ಬಂದಿತು. ಹೊಂಬಣ್ಣದ ಭಾಗಗಳು ಮಾಯವಾದವು. ಹೀಗಿರಲಾಗಿ ೧೯೩೬ ರ ತೇದಿಯುಳ್ಳ ಪಿಸ್ತೂಲೊಂದು ಆಪಾದಮಸ್ತಕ ಒಂದೇ ಸಮನಾದ ಹೊಳಪಿನ ಕಪ್ಪುನೀಲಿಯಿಂದ ಕೂಡಿದ್ದರೆ ಅದು ಮತ್ತೆ ಬಣ್ಣ ಕಂಡಿದೆಯೆಂದು ತಿಳಿಯಬೇಕು.

ಕನ್ನಡನಾಡಿನ ಶಾಸನಗಳ ಅಭ್ಯಾಸಿಗಳಿಗೆ ಈ ಸಮಸ್ಯೆ ಅಪರಿಚಿತವಲ್ಲ. ಗಂಗರ ಆರಂಭಕಾಲದ್ದೆಂದು ಹೇಳಿಕೊಳ್ಳುವ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದುದೂ, ರೈಸ್ ಅದನ್ನು ಒಪ್ಪದೆ ಹೋದುದೂ ವಿದಿತವೇ ಆಗಿದೆ. ಲಿಪಿ, ತಿಥಿ, ವಂಶಾವಳಿಗಳನ್ನು ಒಂದಕ್ಕೊಂದು ಒರೆಹಚ್ಚಿ ನೋಡುವ ವಿಧಾನ ಆ ಚರ್ಚೆಯಿಂದ ಹರಿತವಾಯಿತು. ಕೂಟಶಾಸನವೂ ತಾನು ಹೇಳಿಕೊಳ್ಳುವ ಕಾಲಕ್ಕಲ್ಲದಿದ್ದರೂ ತಾನು ರಚಿತವಾದ ಕಾಲಕ್ಕೆ, ಆ ಕಾಲದವರ ಆಸೆಗೆ ಸಾಕ್ಷಿಯೆಂಬ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ. ಅಪಹಾಸ್ಯಕ್ಕೆ ಗುರಿಯಾದ ನಕಲಿ ಪಿಸ್ತೂಲು ಜರ್ಮನಿಯ ಸೈನ್ಯದ ವಿಷಯದಲ್ಲಿ ಏನನ್ನೂ ತಿಳಿಸದು; ತನ್ನನ್ನು ಕೊಂಡವರು ಯಾವ ಗತಕಾಲವನ್ನು ಬಯಸಿದರೆಂಬುದನ್ನು ತಿಳಿಸುತ್ತದೆ.

ಆದರೆ ವಂಚನೆಗಿಂತ ಹೆಚ್ಚಿನ ಹಾನಿ ಪ್ರಾಮಾಣಿಕವಾದ ‘ಪುನರುದ್ಧಾರ’ದಿಂದ ಆಗುತ್ತಿದೆ. ಸೋವಿಯತ್ ಆಯುಧಶಾಲೆಯ ಗೀಚುಸಂಖ್ಯೆಯುಳ್ಳ ಪಿಸ್ತೂಲಿಗೆ ಬೆಲೆ ಕಡಮೆ. ಅದನ್ನು ಕೊಂಡವನು ಗೀಚನ್ನು ಅಳಿಸಿ, ಮೈಯನ್ನು ಹದಗೊಳಿಸಿ, ೧೯೪೧ ರಲ್ಲಿ ಕಾರ್ಖಾನೆಯನ್ನು ಬಿಟ್ಟ ದಿನದ ರೂಪಕ್ಕೆ ತಂದರೆ ನೋಡಲು ಅಂದವಾಗುತ್ತದೆ. ಆದರೆ ಆ ಪಿಸ್ತೂಲು ಪೂರ್ವರಣರಂಗದಲ್ಲಿ ಸೋತ ಸೈನ್ಯದ ಕೈಯಿಂದ ಗೆದ್ದ ಸೈನ್ಯದ ಕೈಗೆ ಹೋಯಿತೆಂಬುದಕ್ಕೆ ಇದ್ದ ಏಕಮಾತ್ರ ಸಾಕ್ಷಿ ಆ ಗೀಚೇ ಆಗಿತ್ತು. ಮಾರುಕಟ್ಟೆ ‘ಕೆಟ್ಟುಹೋದದ್ದು’ ಎಂದು ಎಣಿಸುವುದನ್ನು ಇತಿಹಾಸ ‘ನಡೆದದ್ದು’ ಎಂದು ಎಣಿಸುತ್ತದೆ. ಎಂದೂ ಚೀಲದಿಂದ ಹೊರಬಾರದೆ ಹೊಸದರಂತೆ ಉಳಿದ ಪಿಸ್ತೂಲು ಹೆಚ್ಚು ಬೆಲೆಯುಳ್ಳದ್ದು. ಯುದ್ಧದ ವಿಷಯದಲ್ಲಿ ಹೇಳಲು ಅದರ ಬಳಿ ಇರುವುದು ಅತ್ಯಲ್ಪ.

೬

ಆಯುಧ ಯಾವಾಗ ಆಯುಧವಾಗಿರುವುದನ್ನು ಬಿಟ್ಟು ಇತಿಹಾಸದ ವಸ್ತುವಾಗುತ್ತದೆ ಎಂಬ ಪ್ರಶ್ನೆಗೆ ಮೂರು ದೇಶಗಳ ಕಾನೂನುಗಳು ಮೂರು ಉತ್ತರಗಳನ್ನು ಕೊಟ್ಟಿವೆ. ಅಮೆರಿಕದಲ್ಲಿ ವಯಸ್ಸು ಪ್ರಮಾಣ: ೧೯೬೮ ರ ಕಾನೂನು ೧೮೯೮ ರಲ್ಲಿ ಅಥವಾ ಅದಕ್ಕೆ ಹಿಂದೆ ತಯಾರಾದವನ್ನು ಪ್ರಾಚೀನವೆಂದು ಪರಿಗಣಿಸುತ್ತದೆ; ಐವತ್ತು ವರ್ಷ ಕಳೆದವು ಸಂಗ್ರಾಹಕರಿಗೆ ಪ್ರತ್ಯೇಕ ಪರವಾನಗಿ ದೊರೆಯುವ ವರ್ಗಕ್ಕೆ ಸೇರುತ್ತವೆ. ಆ ಕಾನೂನಿನಂತೆಯೇ ಹೊರಗಿನಿಂದ ತಂದವುಗಳ ಮೇಲೆ ಆಮದುದಾರನು ತನ್ನ ಹೆಸರನ್ನು ಒತ್ತಬೇಕು. ಸಂಗ್ರಾಹಕರು ಈ ಮುದ್ರೆಯನ್ನು ಕಳಂಕವೆಂದು ಭಾವಿಸುತ್ತಾರೆ. ಅದೂ ಆ ವಸ್ತುವಿನ ಪ್ರಯಾಣದ ಒಂದು ದಾಖಲೆಯೆಂಬುದನ್ನು ಮರೆಯುತ್ತಾರೆ.

ಬ್ರಿಟನ್ನಿನಲ್ಲಿ ಪಿಸ್ತೂಲುಗಳನ್ನು ೧೯೯೭ ರಲ್ಲಿ ನಿಷೇಧಿಸಿದಾಗ ಐತಿಹಾಸಿಕ ಸಂಗ್ರಹಗಳಿಗೆ ವಿನಾಯತಿ ಇಡಲಾಯಿತು. ೧೯೧೯ ಕ್ಕೆ ಹಿಂದೆ ತಯಾರಾಗಿ, ಸುಲಭವಾಗಿ ತೋಟಾ ದೊರೆಯದ ಜಾತಿಯವು ಸಂಗ್ರಾಹಕನ ಬಳಿಯಲ್ಲಿ ಇರಬಹುದು. ವಿಶೇಷ ಮಹತ್ತ್ವವುಳ್ಳ ಇತರವು ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಇರಬೇಕು. ಜರ್ಮನಿಯಲ್ಲಿ ಕಾನೂನು ವಸ್ತುವನ್ನಲ್ಲ, ಸಂಗ್ರಹದ ವಿಷಯವನ್ನು ನೋಡುತ್ತದೆ: ಸಾಂಸ್ಕೃತಿಕವಾಗಿಯೂ ಚಾರಿತ್ರಿಕವಾಗಿಯೂ ಮಹತ್ತ್ವವುಳ್ಳ ಸಂಗ್ರಹವನ್ನು ಕಟ್ಟುತ್ತಿರುವುದಾಗಿ ತೋರಿಸಿಕೊಟ್ಟವನಿಗೆ ಮಾತ್ರ ಸಂಗ್ರಾಹಕನ ಪರವಾನಗಿ. ಅಲ್ಲಿ ನಾಜಿ ಚಿಹ್ನೆಗಳ ಪ್ರದರ್ಶನಕ್ಕೆ ನಿಷೇಧವಿದ್ದು, ಸಂಶೋಧನೆ ಮತ್ತು ಇತಿಹಾಸನಿರೂಪಣೆಗಳಿಗೆ ವಿನಾಯತಿಯಿದೆ. ಸಂಗ್ರಾಹಕನೂ ಒಂದು ಬಗೆಯ ಇತಿಹಾಸಕಾರನಾಗಿರಬೇಕೆಂಬ ನಿರೀಕ್ಷೆಯನ್ನು ಈ ಮೂರನೆಯ ಉತ್ತರ ಸ್ಪಷ್ಟವಾಗಿ ಮುಂದಿಡುತ್ತದೆ.

೭

ಈ ನಿರೀಕ್ಷೆಯನ್ನು ಒಪ್ಪುವುದಾದರೆ, ಮಾರಾಟದ ಪಟ್ಟಿಗಳು ಯಾವುದನ್ನು ಹೇಳುವುದಿಲ್ಲವೆಂಬುದನ್ನೂ ನೋಡಬೇಕಾಗುತ್ತದೆ. ವರ್ಸೇಲ್ಸ್ ಕೌಲಿನ ಕಾಲದಲ್ಲಿ ಸೈನ್ಯದ ಪಿಸ್ತೂಲುಗಳನ್ನು ತಯಾರಿಸಲು ಅನುಮತಿಯಿದ್ದ ಸಂಸ್ಥೆ ಸೂಲ್ ಪಟ್ಟಣದ ಸಿಮ್ಸನ್. ಅದು ಯಹೂದಿ ಮನೆತನದ್ದು. ತುರಿಂಗಿಯ ಪ್ರಾಂತದ ನಾಜಿ ಮುಖಂಡನಾದ ಫ್ರಿಟ್ಸ್ ಸೌಕೆಲ್ ೧೯೩೫-೩೬ ರಲ್ಲಿ ಅದನ್ನು ಕಿತ್ತುಕೊಂಡನು. ಮನೆತನದವರು ದೇಶಬಿಟ್ಟು ಹೋದರು. ಇದೇ ಸೌಕೆಲ್ ೧೯೪೨ ರಲ್ಲಿ ಬಲಾತ್ಕಾರದ ದುಡಿಮೆಗಾಗಿ ಯೂರೋಪಿನ ಜನರನ್ನು ಸಾಗಿಸುವ ಇಲಾಖೆಯ ಅಧಿಪತಿಯಾದನು. ನ್ಯೂರೆಂಬರ್ಗಿನ ನ್ಯಾಯಾಲಯದ ತೀರ್ಪಿನಂತೆ ೧೯೪೬ ರಲ್ಲಿ ಮರಣದಂಡನೆಗೆ ಗುರಿಯಾದನು. ಮಾರುಕಟ್ಟೆಯಲ್ಲಿ ‘ಸಿಮ್ಸನ್’ ಎಂಬುದು ಒಂದು ವಿರಳ ಪ್ರಭೇದದ ಹೆಸರು. ಇತಿಹಾಸದಲ್ಲಿ ಅದು ಒಂದು ಸುಲಿಗೆಯ ಹೆಸರು.

ಪೋಲೆಂಡಿನ ರಾಡೋಮ್ ಪಟ್ಟಣದ ‘ವಿಸ್’ ಪಿಸ್ತೂಲಿನ ಕಥೆಯೂ ಹೀಗೆಯೇ. ಪೋಲಿಷ್ ಸೈನ್ಯಕ್ಕಾಗಿ ರಚಿತವಾದ ಇದನ್ನು ೧೯೩೯ ರ ಆಕ್ರಮಣದ ತರುವಾಯ ಜರ್ಮನರು ತಮಗಾಗಿ ತಯಾರು ಮಾಡಿಸಿ ಹದ್ದಿನ ಮುದ್ರೆಯನ್ನು ಒತ್ತಿದರು. ಕಾರ್ಮಿಕರು ಪೂರ್ಣ ಪಿಸ್ತೂಲುಗಳನ್ನು ಗುಪ್ತಸೇನೆಗೆ ಸಾಗಿಸಬಾರದೆಂದು ನಳಿಗೆಗಳನ್ನು ಮಾತ್ರ ಆಸ್ಟ್ರಿಯದ ಸ್ಟೈಯರಿನಲ್ಲಿ ಮಾಡಿ ಅಲ್ಲಿಯೇ ಜೋಡಿಸುತ್ತಿದ್ದರು. ಆದರೂ ಆಯುಧಗಳು ಹೊರಗೆ ಹೋದವು. ಅದಕ್ಕೆ ಪ್ರತೀಕಾರವಾಗಿ ೧೯೪೨ ರ ಅಕ್ಟೋಬರಿನಲ್ಲಿ ರಾಡೋಮಿನಲ್ಲಿ ಜನರನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ವಾಲ್ಟರ್ ಸಂಸ್ಥೆಯ ಉಪಕಾರ್ಖಾನೆಯೊಂದು ನೊಯೆನ್‌ಗಾಮೆ ಯಾತನಾಶಿಬಿರದಲ್ಲಿ ಬಂದಿಗಳಿಂದ ಬಂದೂಕಿನ ಭಾಗಗಳನ್ನು ಮಾಡಿಸುತ್ತಿತ್ತು. ಯುದ್ಧಾಂತ್ಯದ ಪಿಸ್ತೂಲುಗಳ ಮೇಲೆ ಕಾಣುವ ಒರಟು ಅರದ ಗೆರೆಗಳನ್ನು ‘ಕೊನೆಗಾಲದ ಮೈಗೆಲಸ’ ಎಂಬ ಎರಡು ಮಾತಿನಲ್ಲಿ ಮುಗಿಸುವುದು ರೂಢಿ. ಆ ಗೆರೆಗಳು ಅವಸರದ, ಕೊರತೆಯ, ಎಷ್ಟೋ ಕಡೆ ಒತ್ತೆಯ ದುಡಿಮೆಯ ಕಾಲದವು.

ಇಂಥ ವಸ್ತುವೊಂದು ವಸ್ತುಸಂಗ್ರಹಾಲಯದಲ್ಲಿಯೋ ಹರಾಜಿನ ಪಟ್ಟಿಯಲ್ಲಿಯೋ ಎದುರಾದಾಗ ವಿದ್ಯಾರ್ಥಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು: ಮುದ್ರೆ ಯಾವಾಗ, ಯಾರಿಂದ ಬಿದ್ದಿತು, ಬಿದ್ದ ಮೇಲೆ ಯಾರು ಅದನ್ನು ಮುಟ್ಟಿದರು, ಮುಟ್ಟಿದವರಿಗೆ ಅದರಿಂದ ಯಾವ ಲಾಭವಿತ್ತು. ಮೊದಲನೆಯದಕ್ಕೆ ಉತ್ತರ ಸಂಗ್ರಾಹಕರ ಗ್ರಂಥಗಳಲ್ಲಿ ದೊರೆಯುತ್ತದೆ. ಎರಡನೆಯದಕ್ಕೆ ಲೋಹವನ್ನೇ ಪರೀಕ್ಷಿಸಬೇಕು. ಮೂರನೆಯದಕ್ಕೆ ಮಾರುಕಟ್ಟೆಯ ಇತಿಹಾಸವನ್ನು ತಿಳಿಯದೆ ಉತ್ತರವಿಲ್ಲ. ಆದಕಾರಣ ವಿಕ್ರಯದ ದಾಖಲೆಗಳು, ಪಟ್ಟಿಗಳು, ಬೆಲೆಗಳು ಕೂಡ ಸಂರಕ್ಷಿಸತಕ್ಕ ಆಧಾರಗಳು. ಸಂಗ್ರಾಹಕರಿಂದ ನಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಬಂದ ಸ್ಥಿತಿಯನ್ನು ಬರೆದಿಡಲಿ, ಬಂದ ಕಾಗದವನ್ನು ವಸ್ತುವಿನಿಂದ ಅಗಲಿಸದಿರಲಿ, ಅಂದಗೆಟ್ಟ ಮುದ್ರೆಯನ್ನು ಅಳಿಸದಿರಲಿ. ಸವೆದ ಶಾಸನವನ್ನು ನಾವು ಮತ್ತೆ ಕೊರೆಯುವುದಿಲ್ಲ. ಸವೆದಷ್ಟನ್ನು ಬಿಟ್ಟು ಉಳಿದಷ್ಟನ್ನು ಓದುತ್ತೇವೆ. ಉಕ್ಕಿನ ಮೇಲಿನ ಬರಹಕ್ಕೂ ಅದೇ ಮರ್ಯಾದೆ ಸಲ್ಲಬೇಕು.